ಓದಿದವರ ಬೊಗಸೆ

ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ ಎಂದು ಪೇಟೆಯವರು ಹೇಳುತ್ತಾರೆ. ಹೇಳಲಿ ಬಿಡಿ. ಮುಂಜಾನೆಯಿಂದ ಸಂಜೆತನಕ ಗೋದಾಮಿನಲ್ಲಿ ಕೂತು ಅದರ ತೊಟ್ಟು ಮುರಿಯುವ ಹೆಂಗಸರನ್ನು ಅವರಲ್ಲಿ ಯಾರೂ ಕೇಳಿಲ್ಲ. ದ್ರಾಕ್ಷಾಯಿಣಿಯನ್ನು ಕೇಳಿದ್ದರೆ ಕೈ ಚಾಚಿ ತೋರಿಸುತ್ತಿದ್ದಳು. ಕೊಬ್ಬರಿ ಎಣ್ಣೆ ತಿಕ್ಕಿದರೂ ಮಜ್ಜಿಗೆಯಲ್ಲಿ ಅದ್ದಿದರೂ ಅವಳ ಬೆರಳಿನ ಉರಿ ಪೂರ್ತಿ ಇಳಿಯುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಆ ಕೈಯಿಂದ ಕಣ್ಣು ಒರೆಸಿಕೊಳ್ಳುವಂತಿಲ್ಲ, ಮೊಮ್ಮಗನ ಗಲ್ಲ ಹಿಂಡುವಂತಿಲ್ಲ, ಪುಸ್ತಕವನ್ನಂತೂ ಮುಟ್ಟುವ ಹಾಗೇ ಇಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೈ ಖಾರವಾದರೆ ಏನು ಎಂದು ಯಾರೂ ಗಾದೆ ಕಟ್ಟಲಿಲ್ಲ.

ಅವಳಿಗೋ ಓದುವ ಹುಚ್ಚು. ಆರನೇ ಇಯತ್ತೆಗೇ ಶಾಲೆ ಬಿಡಿಸಿದ್ದರೂ ಕಲಿತ ಅಕ್ಷರವನ್ನು ಬಿಟ್ಟಿರಲಿಲ್ಲ. ಕಿರಾಣಿ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಹಾಳೆಯನ್ನು ಬಿಚ್ಚಿ ಒಲೆಯ ಮುಂದೆ ನಿಂತೇ ಓದುತ್ತಿದ್ದಳು. ಸಾರು ಉಕ್ಕಿ ಒಲೆ ಆರಿದರೂ ಗೊತ್ತಾಗುತ್ತಿರಲಿಲ್ಲ. ಹಾಳೆ ಮುಗಿದಲ್ಲಿಗೆ ಕಥೆಯೂ ಕತ್ತರಿಸಿ ಹೋಗುತ್ತಿತ್ತು. ಮುಂದೇನಾಯಿತೋ ಎಂಬ ಚಡಪಡಿಕೆಯಲ್ಲೇ ಅವಳ ಅರ್ಧ ಆಯುಷ್ಯ ಕಳೆದಿದೆ.

ಐದಾರು ವರ್ಷದ ಹಿಂದಿನ ಮಾತು. ಶಾಲೆ ಬಿಟ್ಟ ಮಕ್ಕಳು ನೇರ ಗೋದಾಮಿಗೆ ಬಂದು ತಾಯಂದಿರ ದಾರಿ ಕಾಯುತ್ತಿದ್ದರು. ತಾಯಂದಿರ ಕೈ ಕಾಯಿಯ ರಾಶಿಯಲ್ಲಿ, ಅವರ ಫೋನು ಮಕ್ಕಳ ಕೈಯಲ್ಲಿ. ಮುಮ್ತಾಜಬಿಯ ಮಗಳು ಹುಮಾ ಎಂಟನೇ ಇಯತ್ತೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ತಪ್ಪಿದರೆ ನಗುತ್ತಾರೆಂದು ತರಗತಿಯಲ್ಲಿ ಬಾಯಿಯನ್ನೇ ಬಿಡದ ಹುಡುಗಿ. ಒಂದು ಸಂಜೆ ಫೋನಿನ ಚಾರ್ಜು ಸತ್ತು, ಅವಳು ಮುಖ ಊದಿಸಿಕೊಂಡು ಕೂತಿದ್ದಳು. ನಿರ್ಮಲಾ ಟೀಚರು ಒತ್ತಾಯದಿಂದ ತುರುಕಿದ್ದ ಕಥೆಪುಸ್ತಕವೊಂದು ಚೀಲದಿಂದ ಇಣುಕುತ್ತಿತ್ತು. ದ್ರಾಕ್ಷಾಯಿಣಿಯ ಕಣ್ಣಿಗೆ ಅದು ಬಿದ್ದದ್ದೇ ತಡ.

"ಏ ಹುಮಾ, ಅದನ್ನ ಓದಬೇ. ನನ್ನ ಕೈಯಂತೂ ನಡಿಯೂದಿಲ್ಲ. ನಿನ್ನ ಕೈ ಚೊಕ್ಕ ಐತಿ."

"ನನಗ ಛಲೋ ಓದಾಕ ಬರೂದಿಲ್ರಿ ದೊಡ್ಡವ್ವ. ಎಲ್ಲಾರೂ ನಗತಾರ."

"ನಕ್ಕಾಕಿ ನಾಳೆ ತಾನ ಓದಬೇಕು. ನಗ್ರಿ ನೋಡೂಣು ಯಾರು ನಗತೀರಿ!"

ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತಡವರಿಸುತ್ತಾ, ಹುಮಾ ಓದಿದಳು. ಹೊಳೆ ದಾಟಿಸುವ ಅಂಬಿಗನ ಮಗಳೊಬ್ಬಳು ನೆರೆಯಲ್ಲಿ ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹೊರಡುವ ಕಥೆ ಅದು. ಯಾರೂ ನಗಲಿಲ್ಲ. ನಗಲು ಪುರುಸೊತ್ತಾದರೂ ಎಲ್ಲಿತ್ತು? ಕಥೆಯ ಹುಡುಗಿ ಸುಳಿಯಲ್ಲಿ ಸಿಕ್ಕಾಗ ಎಲ್ಲರ ಕೈಯೂ ನಿಂತುಬಿಟ್ಟಿತ್ತು.

ಅಂದಿನ ಓದು ಮುಗಿದ ಮೇಲೆ ದ್ರಾಕ್ಷಾಯಿಣಿ ತೊಟ್ಟು ಮುರಿದ ಕಾಯಿಯನ್ನು ತನ್ನ ಬುಟ್ಟಿಯಿಂದ ಒಂದು ಬೊಗಸೆ ಎತ್ತಿ ಮುಮ್ತಾಜಬಿಯ ಬುಟ್ಟಿಗೆ ಸುರಿದಳು. ಕೂಲಿ ತೂಕದ ಮೇಲೆ. ಬೊಗಸೆ ಎಂದರೆ ಬರೀ ಮಾತಲ್ಲ. ನೋಡಿ ಉಳಿದವರೂ ಸುರಿದರು. ಹಾಗೆ ಶುರುವಾಯಿತು ಓದಿದವರ ಬೊಗಸೆ. ಮಗು ಓದಿದ ದಿನ ತಾಯಿಯ ಬುಟ್ಟಿ ತುಂಬಬೇಕು. ವಾರ ಕಳೆಯುವುದರೊಳಗೆ ಉಳಿದ ಮಕ್ಕಳು, ಶಹಬಾಜ, ಪ್ರಿಯಾಂಕಾ, ಎಲ್ಲರೂ ಪುಸ್ತಕ ತಂದು ಪಾಳಿ ಹಚ್ಚಿದರು. ಬಂದದ್ದು ಬೊಗಸೆಯ ಆಸೆಗೆ ಎನ್ನಿ, ತಪ್ಪೇನಿಲ್ಲ. ಆದರೆ ತಮ್ಮ ಪಾಳಿ ಅಲ್ಲದ ದಿನವೂ ಫೋನು ಕೇಳದೆ ಕೂತು ಕೇಳಿದರಲ್ಲ, ಅದನ್ನು ನೋಡಿ ದ್ರಾಕ್ಷಾಯಿಣಿಯ ಹೊಟ್ಟೆ ತಣ್ಣಗಾಯಿತು.

ದಿನಕ್ಕಿಷ್ಟು ಎಂದು ಸಾಗುತ್ತಿದ್ದ ಅಂಬಿಗನ ಮಗಳ ಕಥೆ ಮಾತ್ರ ಹುಮಾಳ ಪಾಲಿನದೇ. ಕೊನೆಯ ದಿನ ಎಲ್ಲರೂ ಬೇಗ ಬೇಗ ಚಹಾ ಮುಗಿಸಿ ಕಾದು ಕೂತರು. ಹುಮಾ ಪುಟ ತಿರುವಲು ಹೋಗಿ ತಡೆದಳು, ಆಮೇಲೆ ಮುಂದುವರಿಸಿದಳು. ಅಂಬಿಗನ ಮಗಳು ನಡೆದೂ ನಡೆದೂ ಒಂದು ಪೇಟೆಗೆ ಬಂದಳು. ಅಲ್ಲೊಂದು ಗೋದಾಮು. ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅವರ ನಡುವೆ, ಅವರಲ್ಲೊಬ್ಬಳ ಮಗನಾಗಿ, ಅವಳ ತಮ್ಮ ಬೆಳೆದಿದ್ದ. ಅಕ್ಕನ ದನಿ ಕೇಳಿ ಎದ್ದು ನಿಂತ.

ಮುದುಕಿ ಕರಿಯವ್ವ ಗೊಳೋ ಎಂದು ಅತ್ತಳು. ಅತ್ತದ್ದಷ್ಟೇ ಅಲ್ಲ, ಮೈಮರೆತು ಖಾರದ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಮೂವತ್ತು ಸುಗ್ಗಿ ಕಂಡವಳು ಮಾಡುವ ತಪ್ಪೇ ಅದು? ನೀರು ತರ್ರಿ, ಮಜ್ಜಿಗೆ ತರ್ರಿ ಎಂದು ಗದ್ದಲವೆದ್ದಿತು. ಆ ಗದ್ದಲದಲ್ಲೂ ಬೊಗಸೆಗಳು ಬಿದ್ದವು.

ಹುಮಾಳ ಪಕ್ಕದಲ್ಲೇ ಕೂತಿದ್ದ ದ್ರಾಕ್ಷಾಯಿಣಿ ಮಾತ್ರ ಒಂದನ್ನು ಗಮನಿಸಿದ್ದಳು. ಹುಡುಗಿ ಓದುತ್ತಲೇ ಇದ್ದಳು, ಆದರೆ ಬೆರಳು ಪುಟದ ಕೊನೆಯ ಸಾಲಿನ ಕೆಳಗೆ ನೆಟ್ಟಂತೆ ನಿಂತಿತ್ತು.

ಇದನ್ನು ಯಾರ ಮುಂದೂ ಆಡಬಾರದು ಎಂದುಕೊಂಡಳು ದ್ರಾಕ್ಷಾಯಿಣಿ. ಇಷ್ಟು ದಿನಕ್ಕೆ ಬಾಯಿ ಬಿಟ್ಟ ಹುಡುಗಿ. ಸುಳ್ಳಿ ಎಂದು ಒಬ್ಬರು ಅಂದರೂ ಸಾಕು, ಇನ್ನು ಜನ್ಮದಲ್ಲಿ ಪುಸ್ತಕ ತೆರೆಯುವುದಿಲ್ಲ.

ಆದರೆ ಹುಮಾ ತಾನೇ ತಾಯಿಯ ಮುಂದೆ ಹೇಳಿಬಿಟ್ಟಿದ್ದಳು. ಮರುದಿನ ಮುಮ್ತಾಜಬಿ ಮಗಳನ್ನು ಶಾಲೆಗೂ ಕಳಿಸದೆ ಕರೆತಂದಳು. ಮಧ್ಯಾಹ್ನದ ಹೊತ್ತಿಗೆ, ಹಿಂದಿನ ದಿನದ ಬೊಗಸೆಗಳ ಬದಲಿಗೆಂದು, ಮುಂಜಾನೆಯಿಂದ ತಾನು ಮುರಿದಿದ್ದ ಕಾಯಿಯ ಬುಟ್ಟಿಯನ್ನು ಎಲ್ಲರ ನಡುವೆ ಇಟ್ಟಳು.

"ಅಕ್ಕಾರ, ಪುಸ್ತಕದಾಗ ಕೊನೀ ಹಾಳೀನ ಇರಲಿಲ್ಲಂತ್ರಿ. ಇಕಿ ತಲ್ಯಾಗಿಂದ ಹೇಳ್ಯಾಳ. ಓದದ ಓದಿಗೆ ಬೊಗಸಿ ತಗೊಂಡರ ನಮಗ ದಕ್ಕೂದಿಲ್ಲ. ವಾಪಸ್ ತಗೋರ್ರಿ."

ಹುಮಾ ತಾಯಿಯ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು. ದ್ರಾಕ್ಷಾಯಿಣಿ ಹುಡುಗಿಯ ಕಡೆ ಸರಿದಳು. ಅಷ್ಟರಲ್ಲಿ ಮೂಲೆಯಿಂದ ಕರಿಯವ್ವ, ಇನ್ನೂ ಕೆಂಪಗಿದ್ದ ಕಣ್ಣನ್ನು ಕಿರಿದು ಮಾಡಿ ಕೂಗಿದಳು.

"ಹಂಗಾರ ನಿನ್ನೆ ನಾ ಅತ್ತದ್ದೂ ಸುಳ್ಳೇನ? ರಾತ್ರಿಮಟ ಕಣ್ಣ ಉರದಾವು ನನಗ! ಅದನ್ನ ಯಾರು ವಾಪಸ್ ತಗೋತೀರಿ?"

ಗೋದಾಮೇ ಗೊಳ್ಳೆಂದು ನಕ್ಕಿತು. ದ್ರಾಕ್ಷಾಯಿಣಿಗೆ ಹೋದ ಜೀವ ಬಂದಂತಾಯಿತು.

"ಮುಮ್ತಾಜ, ಬುಟ್ಟಿ ಎತ್ತಿ ಆಚಿ ಇಡು. ಪುಸ್ತಕ ಬರದಾಂವೂ ತಲ್ಯಾಗಿಂದನ ಬರದಾನ. ಅವನ ಮುಂದೇನು ಇನ್ನೊಂದು ಪುಸ್ತಕ ಇತ್ತ? ಇವತ್ತಿನಿಂದ ಓದಿದವರಿಗೆ ಒಂದು ಬೊಗಸಿ, ಕಥಿ ಕಟ್ಟಿದವರಿಗೆ ಎರಡು."

ಆಮೇಲೆ ಹುಮಾಳನ್ನು ಹತ್ತಿರ ಕರೆದಳು. ತಲೆ ಸವರಬೇಕೆನಿಸಿತು, ಕೈ ಖಾರ. ಮೊಣಕೈಯಿಂದಲೇ ಮೆಲ್ಲಗೆ ತಿವಿದಳು. "ನಿನ್ನ ಬೆರಳು ನಿಂತದ್ದನ್ನ ನಾ ನೋಡೀನಿ. ಇನ್ನ ಮ್ಯಾಲ ತಲ್ಯಾಗಿಂದು ಹೇಳೂದಾದರ ಮದಲ ಬರಕೊಂಡು ಬಾ. ಬರದದ್ದರ ಮ್ಯಾಲ ಬೆರಳಿಟ್ಟು ಓದು. ಆಗ ಯಾರಿಗೂ ಅಂಜೂದು ಬ್ಯಾಡ."

ಆ ಸುಗ್ಗಿಯಿಂದ ಮಕ್ಕಳು ಬರೆಯಹತ್ತಿದರು. ನಿರ್ಮಲಾ ಟೀಚರು ಒಂದು ಕಡೆ ಖಾಲಿ ಇದ್ದ ಹಾಳೆಗಳನ್ನು ಹೊಲಿದು ಕೊಟ್ಟರು. ಶಹಬಾಜನ ಕಥೆಯಲ್ಲಿ ದಲಾಲಿಯೊಬ್ಬ ಮೆಣಸಿನಕಾಯಿ ರಾಶಿಯಲ್ಲಿ ಮುಳುಗಿ ಸೀನಿ ಸೀನಿಯೇ ದಡ ಸೇರಿದ. ಹೆಂಗಸರು ಅದನ್ನು ಮೂರು ಸಲ ಓದಿಸಿದರು. ಎಲ್ಲ ಮಕ್ಕಳೂ ಬರೆಯುವವರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆದರೆ ಓದನ್ನು ಯಾರೂ ಬಿಡಲಿಲ್ಲ. ದೇವರ ದೀಪ ಹಚ್ಚುವಾಗ ದ್ರಾಕ್ಷಾಯಿಣಿ ಇಂದಿಗೂ ಆ ಟೀಚರನ್ನು, ಸತ್ತುಹೋದ ಆ ಫೋನಿನ ಚಾರ್ಜನ್ನು ನೆನೆದು ಕೈ ಮುಗಿಯುತ್ತಾಳೆ. ನಿಂತುಹೋದ ಅವಳ ಶಾಲೆ ಬೇರೆಯವರ ಮಕ್ಕಳ ಬಾಯಲ್ಲಿ ಮುಂದುವರಿದಿತ್ತು.

ಹುಮಾ ಈಗ ಹಾವೇರಿಯ ಕಾಲೇಜಿಗೆ ಹೋಗುತ್ತಾಳೆ. ಈ ಸುಗ್ಗಿಯಲ್ಲಿ ಒಂದು ಸಂಜೆ ಬಸ್ಸಿಳಿದವಳು ಮನೆಗೂ ಹೋಗದೆ ಗೋದಾಮಿಗೆ ಬಂದಳು. ಕೈಯಲ್ಲೊಂದು ಮಕ್ಕಳ ಪತ್ರಿಕೆ. ಅದರಲ್ಲಿ ಅವಳ ಕಥೆ ಅಚ್ಚಾಗಿತ್ತು.

"ದೊಡ್ಡವ್ವ, ಮದಲ ನಿಮ್ಮ ಕೈಯಾಗ ಕೊಡಬೇಕಂತ ಬಂದೇನ್ರಿ. ಅವತ್ತು ನೀವು ಬುಟ್ಟಿ ವಾಪಸ್ ತಗೊಂಡಿದ್ದರ ಇದು ಆಗತಿರಲಿಲ್ಲ."

ದ್ರಾಕ್ಷಾಯಿಣಿ ಕೆಂಪಾದ ಎರಡೂ ಕೈ ಎತ್ತಿ ತೋರಿಸಿದಳು. "ಈ ಕೈಗೆ ಕೊಟ್ಟು ಏನ ಮಾಡತೀದಿ? ನಿನ್ನ ಹೊಟ್ಟಿ ತಣ್ಣಗಿರಲಿ, ಕುಂದರು. ಓದು."

ಮುಮ್ತಾಜಬಿ ಸರಿದು ಜಾಗ ಕೊಟ್ಟಳು. ಕರಿಯವ್ವ ಮುಂಚಿತವಾಗಿಯೇ ಚೊಕ್ಕ ಅರಿವೆಯೊಂದನ್ನು ತೊಡೆಯ ಮೇಲೆ ಹಾಸಿಕೊಂಡಳು, ಕಣ್ಣಿಗೆ. ಹುಮಾ ಓದತೊಡಗಿದಳು. ಈಗ ತಡವರಿಕೆಯಿಲ್ಲ, ಬೆರಳಿಡುವ ಅಗತ್ಯವೂ ಇಲ್ಲ. ಆದರೂ ಇಟ್ಟಿದ್ದಳು. ದ್ರಾಕ್ಷಾಯಿಣಿಗೆ ಕಥೆಯ ಮೊದಲ ಮಾತುಗಳು ಕಿವಿಗೆ ಬೀಳಲೇ ಇಲ್ಲ. ಅವಳು ಆ ಬೆರಳನ್ನೇ ನೋಡುತ್ತಿದ್ದಳು. ಅದು ಒಂದೊಂದೇ ಸಾಲಿನ ಕೆಳಗೆ, ಎಲ್ಲೂ ನಿಲ್ಲದೆ, ಮುಂದೆ ಹೋಗುತ್ತಿತ್ತು.