ಹೊರಸಿನ ನಾಲ್ಕನೇ ಮೂಲೆ

ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಹುಣಸೆಬೀಜದ ಹಾಗೆ ಕರ್ರಗೆ, ದಪ್ಪಗೆ ಇತ್ತು. ಬೀಡಿಯ ತುದಿಯನ್ನು ಆ ಉಗುರಿನಿಂದಲೇ ಒತ್ತಿ ಮಡಚುತ್ತಿದ್ದಳು. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಅದರೊಳಗಿನ ತಂಬಾಕಿನ ಕರಿ ಹೋಗಲಿಲ್ಲ. ಪ್ರಾರ್ಥನೆಗೆ ಕೈ ಜೋಡಿಸಿದಾಗ ನನಗೆ ಮೊದಲು ಕಾಣುತ್ತಿದ್ದುದು ಆ ಉಗುರೇ.

ನಾನು ಮೂರನೇ ಇಯತ್ತೆ ಕಲಿತಾಕಿ, ಬರೆದು ರೂಢಿಯಿಲ್ಲ. ಆದರೆ ಹೋದ ವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಬೀಗರೇ ಒಪ್ಪಿ ಅಕ್ಕನ ಹೆಸರಿಟ್ಟರು. ಅವತ್ತಿನಿಂದ ಎದಿ ತುಂಬಿ ಬರಾಕತ್ತೈತಿ. ಕೂಸನ್ನು ಆ ಹೆಸರಿನಿಂದ ಕರೆದಾಗಲೆಲ್ಲ ನಗುವೂ ಬರುತ್ತದೆ, ಕಣ್ಣೀರೂ ಬರುತ್ತದೆ. ಯಾರಿಗಾದರೂ ಹೇಳದೆ ಇರಲು ಆಗುವುದಿಲ್ಲ.

ನಿಪ್ಪಾಣಿಯ ನಮ್ಮ ಓಣಿಯಲ್ಲಿ ಆರೇಳು ಮಂದಿ ಹೆಂಗಸರು ಒಂದೇ ಕಟ್ಟೆಯ ಮೇಲೆ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ಬೆನ್ನು ಸೆಟೆಯುತ್ತಿತ್ತು, ಮೂಗಿನ ತುಂಬ ತಂಬಾಕಿನ ಧೂಳು. ಅಕ್ಕ ನನ್ನ ಖಾಸ ಅಕ್ಕ ಅಲ್ಲ, ಮೂರು ಮನೆ ಆಚೆಯವಳು. ನಮ್ಮೊಳಗೆ ಯೇಸುಸ್ವಾಮಿಯನ್ನು ನಂಬಿದವಳು ಆಕೆ ಒಬ್ಬಳೇ. ಪ್ರತಿ ಶನಿವಾರ ಕೈಯಲ್ಲಿನ ಕೆಲಸ ನಿಲ್ಲಿಸದೆ, "ನಾಳೆ ಪ್ರಾರ್ಥನಿ ಐತಿ, ಬರ್ರೆವಾ" ಎನ್ನುತ್ತಿದ್ದಳು. ನಾವು ಚ್ಯಾಷ್ಟಿ ಮಾಡುತ್ತಿದ್ದೆವು.

"ಅಲ್ಲಿ ಚಹಾ ಕೊಡತಾರೇನ ಅಕ್ಕಾ?"

"ಕೊಡತಾರ. ಸಕ್ಕರಿ ಕಮ್ಮಿ."

ವರ್ಷಗಟ್ಟಲೆ ಕರೆದಳು, ಯಾರೂ ಹೋಗಲಿಲ್ಲ. ಒಮ್ಮೆ ನಾನೇ ಕೇಳಿದೆ, "ನಿನಗ ಬ್ಯಾಸರಾಗಂಗಿಲ್ಲೇನು?" ಅಕ್ಕ ಎಲೆ ಕತ್ತರಿಸುತ್ತ, "ಆಗತೈತಿ ಬೇ, ಸಾಕಾಗಿ ಹೋಗತೈತಿ. ಆದರ ಬಾಗಿಲ ಮಟಾ ಕರಿಯೂದು ನನ್ನ ಕೆಲಸ. ಮುಂದಿಂದು ಅಂವಂದು" ಎಂದಳು. ಈ ಮಾತನ್ನು ಆಕೆ ಬಹಳ ಸಲ ಹೇಳಿದ್ದುಂಟು.

ಒಂದು ಮಳೆಗಾಲದಲ್ಲಿ ನೀರಿನ ಕೊಡದ ಸಮೇತ ಜಾರಿ ಬಿದ್ದೆ. ಟೊಂಕದ ಎಲುಬು ಮುರಿಯಿತು. ಮಿರಜಕ್ಕೆ ಒಯ್ದು ರಾಡು ಹಾಕಿಸಿದರು. ತಿಂಗಳುಗಟ್ಟಲೆ ಹೊರಸಿನ ಮೇಲೆ ಬಿದ್ದುಕೊಂಡೆ. ಮೊದಲು ಎಲ್ಲರೂ ಬಂದರು, ಆಮೇಲೆ ಬರುವುದು ಬಿಟ್ಟರು. ಅವರಿಗೂ ಅವರ ಬೀಡಿ ಇತ್ತಲ್ಲ. ಅಕ್ಕ ಮಾತ್ರ ದಿನಾ ಇಳಿಹೊತ್ತಿಗೆ ಬರುತ್ತಿದ್ದಳು. ನಮ್ಮ ಮನೆಯವರು ಆಕೆಗೆ ಮೊದಲೇ ಹೇಳಿಬಿಟ್ಟಿದ್ದರು: "ಅಕ್ಕಾರ, ನಾಳೆ ಮಗಳಿಗೆ ವರ ನೋಡಬೇಕು. ನಿಮ್ಮ ದೇವರ ಮಾತು ಈ ಮನ್ಯಾಗ ಬ್ಯಾಡ. ಹೊಸಲು ದಾಟಬ್ಯಾಡ್ರಿ."

ಅಕ್ಕ ದಾಟಲಿಲ್ಲ. ಹೊಸಲಿನ ಆಚೆ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತು ಬೀಡಿ ಕಟ್ಟುತ್ತಿದ್ದಳು. ನಾನು ಒಳಗೆ, ಆಕೆ ಹೊರಗೆ. ದೇವರ ಮಾತು ಆಡಲಿಲ್ಲ. ಓಣಿಯಲ್ಲಿ ಯಾರ ಎಮ್ಮೆ ಈಯಿತು, ಯಾರ ಮನೆಯಲ್ಲಿ ಜಗಳ ಆಯಿತು, ಬರೀ ಇಂಥ ಮಾತು. ಕತ್ತಲಾಗುವ ಮೊದಲು ಕಣ್ಣು ಮುಚ್ಚಿ ಸುಮ್ಮನೆ ಒಂದು ಗಳಿಗೆ ಕೂತು ಎದ್ದು ಹೋಗುತ್ತಿದ್ದಳು. ಆ ಸುಮ್ಮನಿದ್ದ ಗಳಿಗೆಗೆ ನಾನು ದಿನವೆಲ್ಲ ಕಾಯತೊಡಗಿದೆ.

ಒಂದು ಶನಿವಾರ ನಾನೇ ಅಂದೆ, "ಅಕ್ಕಾ, ನಾ ಬರ್ತೀನಿ. ಆದರ ಹೆಂಗ ಬರ್ಲಿ?"

ಪ್ರಾರ್ಥನಾ ಮಂದಿರ ಇದ್ದದ್ದು ಏರಿನ ಮೇಲೆ, ಇಕ್ಕಟ್ಟಾದ ಕಲ್ಲಿನ ಹಾದಿ. ರಿಕ್ಷಾ ಹೋಗುವುದಿಲ್ಲ. ಮರುದಿನ ಅಕ್ಕ ಕಟ್ಟೆಯ ಇಬ್ಬರು ಗೆಳತಿಯರನ್ನೂ ತನ್ನ ಮುದಿ ಅತ್ತೆಯನ್ನೂ ಕರೆದುಕೊಂಡು ಬಂದಳು. ಮನೆಯವರು ಸಂತೆಗೆ ಹೋಗಿದ್ದರು. ಬಾಗಿಲಲ್ಲಿ ನಿಂತು ಅಕ್ಕ, "ಹೊಸಲು ದಾಟಲೇನು?" ಎಂದು ನನ್ನನ್ನೇ ಕೇಳಿದಳು. "ಬಾ" ಎಂದೆ. ನಾಲ್ಕೂ ಮಂದಿ ನನ್ನನ್ನು ಹೊರಸಿನ ಸಮೇತ ಹೆಗಲ ಮೇಲೆ ಎತ್ತಿದರು.

ಒಂದು ವಿಷಯ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನಮ್ಮ ಕಡೆ ನಾಲ್ಕು ಮಂದಿ ಹೆಗಲು ಕೊಟ್ಟು ಏನು ಹೊರುತ್ತಾರೆ? ಪಾನಪಟ್ಟಿ ಅಂಗಡಿಯ ಮುದುಕ ಟೊಪ್ಪಿಗೆ ತೆಗೆದು ಎದ್ದು ನಿಂತ. ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯ, ಯಾವಾಗ ಹೋದ್ಳು?" ಎಂದು ಅಳಲು ಶುರು ಮಾಡಿದಳು. ನಾನು ಕೌದಿಯ ಒಳಗಿಂದ ಕೈ ಎತ್ತಿ, "ಇನ್ನಾ ಇದ್ದೀನ್ರಿ" ಎಂದೆ. ಆಕೆ ಇನ್ನೂ ಜೋರಾಗಿ ಚೀರಿದಳು. ಅಕ್ಕನಿಗೆ ನಗು ತಡೆಯದೆ ಹೊರಸು ಅಲ್ಲಾಡತೊಡಗಿತು.

ಅಷ್ಟರಲ್ಲಿ ಎದುರಿಗೆ ನಮ್ಮ ಮನೆಯವರು, ಕೈಯಲ್ಲಿ ಸಂತೆಯ ಚೀಲ.

"ಜೀವಂತ ಹೆಂಡ್ತೀನ್ನ ಹೆಣಾ ಮಾಡಿ ಹೊಂಟೀರೇನು? ಮಂದಿ ನೋಡಾಕತ್ತಾರ."

ಅಕ್ಕ ನಿಲ್ಲಲಿಲ್ಲ. "ತಮ್ಮಾ, ಬೈಯೂದು ಆಮ್ಯಾಲೆ ಬೈಯಪ್ಪ. ಹಿಂದ ಅತ್ತಿ ಕೈಲೆ ಆಗವಲ್ದು, ಹೊರಸು ವಾಲಾಕತ್ತೈತಿ. ನಿನ್ನ ಹೆಂಡ್ತಿ ಬೀಳತಾಳ ನೋಡು."

ಅವರು ಚೀಲವನ್ನು ಕಲ್ಲಿನ ಮೇಲೆ ಇಟ್ಟು, ಮುದುಕಿಯನ್ನು ಸರಿಸಿ, ಹಿಂದಿನ ಎಡಗಡೆಯ ಮೂಲೆಗೆ ಹೆಗಲು ಕೊಟ್ಟರು. ಏರು ಹತ್ತುವಾಗ ಅವರ ಏದುಸಿರು ನನಗೆ ಕೇಳುತ್ತಿತ್ತು. ಬಾಗಿಲು ಸಣ್ಣದು, ಹೊರಸು ಹಿಡಿಯಲಿಲ್ಲ. ಹೊರಗೆ ಇಳಿಸಿ ಹೆಂಗಸರು ನನ್ನನ್ನು ಎತ್ತಿಕೊಂಡು ಹೋದರು. ಮನೆಯವರು ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ, ಬೇವಿನ ಗಿಡದ ಕೆಳಗೆ ಬೆನ್ನು ತಿರುಗಿಸಿ ನಿಂತರು.

ಅವತ್ತು ನನ್ನ ಕಾಲು ನೆಟ್ಟಗಾಗಲಿಲ್ಲ. ಈಗಲೂ ಕೋಲು ಬೇಕು. ಆದರೆ ಒಳಗೆ ಕೂತವರೆಲ್ಲ ನನ್ನ ಹಾಗೇ ದಣಿದ ಮಂದಿ. ನನಗೆ ದಣಿವಾಗಿದೆ ಎಂದು ಯೇಸುಸ್ವಾಮಿಗೆ ಬಾಯಿ ಬಿಟ್ಟು ಹೇಳಿದೆ. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮನಸ್ಸು ಹಗುರಾಯಿತು, ಆಮೇಲೆ ಆ ಹಾದಿ ಬಿಡಲಿಲ್ಲ.

ಮನೆಯವರೂ ಬಿಡಲಿಲ್ಲ. ಕೋಲು ಹಿಡಿದು ಏರು ಹತ್ತುವ ನನ್ನ ರಟ್ಟೆ ಹಿಡಿದು ವರ್ಷಗಟ್ಟಲೆ ಬೇವಿನ ಗಿಡದ ತನಕ ಬಂದರು. ಮಗಳ ಲಗ್ನವೂ ಆಯಿತು, ಬೀಗರು ಒಂದು ಮಾತೂ ಅನ್ನಲಿಲ್ಲ. ಆದರೂ ಮನೆಯವರು ಗಿಡದಾಚೆ ಹೆಜ್ಜೆ ಇಡಲಿಲ್ಲ. ನಾನು ಬೇಸರ ಮಾಡಿಕೊಂಡರೆ ಅಕ್ಕ ಕೆಮ್ಮುತ್ತಲೇ, "ಬಾಗಿಲ ಮಟಾ ಬರತಾನಲಾ. ಮುಂದಿಂದು ಅಂವಂದು" ಎನ್ನುತ್ತಿದ್ದಳು.

ಆ ಕೆಮ್ಮೇ ಅಕ್ಕನನ್ನು ಒಯ್ದಿತು. ಕೊನೆಯ ದಿನಗಳಲ್ಲಿ ಬೀಡಿ ಎಲೆಯಷ್ಟು ಹಗುರಾಗಿದ್ದಳು. ಜೋಡಿಸಿದ ಕೈಯಲ್ಲಿ ಉಗುರು ಮಾತ್ರ ಹಾಗೇ ಇತ್ತು.

ಅಕ್ಕನನ್ನು ಇಟ್ಟ ಪೆಟ್ಟಿಗೆ ಎತ್ತುವಾಗ ಯಾರು ಯಾವ ಕಡೆ ಎಂದು ಗಂಡಸರು ಮಾತಾಡುತ್ತಿದ್ದರು. ನಮ್ಮ ಮನೆಯವರು ಹಿಂದಿನ ಎಡಗಡೆಗೆ ಹೋಗಿ ನಿಂತು, "ಈ ಮೂಲಿ ನಂದು" ಎಂದರು. ಅದೇ ಏರು, ಅದೇ ಕಲ್ಲು. ನಾನು ಕೋಲೂರುತ್ತ ಹಿಂದೆ ನಡೆದೆ. ಬೇವಿನ ಗಿಡ ದಾಟಿತು, ಬಾಗಿಲು ಬಂತು. ಪೆಟ್ಟಿಗೆ ಹೊರಸಿನಷ್ಟು ಅಗಲ ಇರಲಿಲ್ಲ, ಹಿಡಿಯಿತು. ಮುಂದಿನ ಇಬ್ಬರು ಒಳಗೆ ಹೋದರು. ಹಿಂದಿನ ಎಡಗಡೆಯ ಕಾಲು ಒಂದು ಗಳಿಗೆ ನಿಂತಿತು, ಪೆಟ್ಟಿಗೆಯೂ ನಿಂತಿತು.

ಮನೆಯವರು ಕೆಳಗೆ ನೋಡದೆ ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ತುಳಿದು ಕಳಚಿ, ಹೊಸಲು ದಾಟಿದರು.

ಪೆಟ್ಟಿಗೆ ಇಳಿಸಿದ ಮೇಲೂ ಹೊರಗೆ ಬರಲಿಲ್ಲ. ತಿಳಿಯದೆ ಹೆಂಗಸರ ಕಡೆಯೇ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಯಾರೂ ಎಬ್ಬಿಸಲಿಲ್ಲ. ನಾನು ಪಕ್ಕಕ್ಕೆ ಹೋಗಿ ಕೂತೆ.

"ಬಾಳ ದಣದೇನಿ" ಎಂದರು.

ನಾನು ಸ್ವಲ್ಪ ಸರಿದು, ಕಾಲು ಚಾಚಲು ಅವರಿಗೆ ಜಾಗ ಮಾಡಿಕೊಟ್ಟೆ.