ಕಾಯಿಲಿಗೆ ಕೊಟ್ಟ ವೀಳ್ಯದೆಲೆ

ಶ್ರೀಮನ್ಮಹಾ ಮೊಬೈಲ್ ಸಿಂಹಾಸನಾರೂಢ ಬಂಧುಗಳೇ, ಚಿತ್ತೈಸಬೇಕು!

ಇವತ್ತು ಮೊಮ್ಮಗ ಕಳೆ ಕೊಚ್ಚುವ ಮಿಷನ್ನಿನಲ್ಲಿ ಕಿಡಿ ಹುಟ್ಟಿಸುವ ಕಾಯಿಲಿಗೂ ಚಕ್ರಕ್ಕೂ ನಡುವೆ ರಟ್ಟಿನ ಚೂರು ತೂರಿಸಿ ಸಂದು ಹೊಂದಿಸುತ್ತಿದ್ದ. ಪೆಟ್ರೋಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಹಾರಾಜರ ಕಾಲದ ಕಟ್ಟೆಮಳಲವಾಡಿಯ ಬಾವಿಯ ಹತ್ತಿರ ನಿಂತಿದ್ದೆ.

ನೀರೆತ್ತುವ ಇಂಜಿನ್ ಕಿಡಿ ಬಾರದೆ ಕೆಟ್ಟು ಕೂತಿತ್ತು. ಹೊಗೆಸೊಪ್ಪಿನ ಸಸಿಗಳು ಬಾಡುತ್ತಿದ್ದವು. ಸಂಜೆಯೊಳಗೆ ನೀರು ಬೀಳದಿದ್ದರೆ ಆ ವರ್ಷ ಬೆಳೆಯೇ ಇಲ್ಲ. ಚಿಕ್ಕಪ್ಪ ಅಜ್ಜಿಯ ಎಲೆಚೀಲದಿಂದ ವೀಳ್ಯದೆಲೆ ತೆಗೆದು ಅಳತೆಗೆಂದು ಕಾಯಿಲಿನ ಸಂದಿಗೆ ಇಟ್ಟರು.

“ಎಳೇದು ಇಕ್ಕಬ್ಯಾಡ ಕಣ್ಲಾ, ಅರಿದೋಯ್ತದೆ. ಬಲ್ತಿರೋದು ಇಕ್ಕು,” ಅಂದಳು ಅಜ್ಜಿ.

ಬಲಿತ ಎಲೆ ಇಟ್ಟು, ತಿರುಪು ಬಿಗಿದು, ಎಲೆ ಎಳೆದು, ಪ್ಲಗ್ ಹೊರಗಿಟ್ಟು ಚಿಕ್ಕಪ್ಪ ಹಗ್ಗ ಹಿಡಿದರು. “ಕಿಡಿ ಬತ್ತದಾ ನೋಡ್ಲಾ!” ಅಂತ ನನಗೆ ಹೇಳಿ ಜಗ್ಗಿದರು.

“ಬಂತು! ನೀಲಿ ಕಿಡಿ!” ಅಂತ ಕೂಗಿದೆ. ಪ್ಲಗ್ ಸಿಕ್ಕಿಸಿ ಮತ್ತೆ ಜಗ್ಗಿದರೆ ಇಂಜಿನ್ ಗುಡುಗಿತು, ನೀರು ಕಾಲುವೆಗೆ ಹಾರಿತು.

ಈಗ ಮೊಮ್ಮಗನೂ, “ಕಿಡಿ ನೋಡು ತಾತ,” ಅಂದ. ನೋಡಿದೆ. ನಿಜ ಹೇಳಬೇಕಂದ್ರೆ, ಇದೇ ಮೊದಲು. ಅವತ್ತು ಭಯಕ್ಕೆ ಕಣ್ಣು ಮುಚ್ಚಿಕೊಂಡೇ ಕೂಗಿದ್ದೆ.