ನಿಂತವರ ನಕ್ಷೆ

ನನ್ನ ಅಕ್ಷರ ಸೊಟ್ಟಗಿರುವುದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಗೆರೆ ನೇರವಾಗಿ ಎಳೆಯುತ್ತೇನೆ, ಅಕ್ಷರ ಮಾತ್ರ ನೇರ ಬರುವುದಿಲ್ಲ. ಶಾಲೆ ಬಿಟ್ಟವಳು ನಾನು, ದೊಡ್ಡ ಪದಗಳು ನನ್ನ ಹತ್ತಿರ ಇಲ್ಲ. ಆದರೂ ನನ್ನ ಚಿಕ್ಕಮ್ಮನ ಬಗ್ಗೆ ಯಾರಾದರೂ ಸರಿಯಾಗಿ ಬರೆಯಬೇಕು. ಕಾಲೇಜಿನ ಮರ್ಯಾದೆ ತೆಗೆದಳು ಎಂದು ಕಾಲೇಜಿನವರು ಈಗ ಅವಳ ಬಗ್ಗೆ ಆಡುತ್ತಿರುವ ಮಾತು ಕೇಳಿ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಚಿಕ್ಕಮ್ಮ ಅಂದರೆ ಅಮ್ಮನ ತಂಗಿ. ನಮ್ಮ ಜೊತೆಯಲ್ಲೇ ಇದ್ದಾಳೆ. ನಮ್ಮೂರಿನ ಸಣ್ಣ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ಅಲ್ಲಿ ಗಣಿತ ಓದುವವರು ಸಂಗೀತವನ್ನೂ ಕಲಿಯಬಹುದು, ಇತಿಹಾಸ ಓದುವವರು ಗಿಡಮರಗಳ ಪಾಠಕ್ಕೂ ಹೋಗಿ ಕೂರಬಹುದು. ಚಿಕ್ಕಮ್ಮ ಓದಿದ್ದೂ ಅಲ್ಲೇ. ಸಮಾಜಶಾಸ್ತ್ರ ತೆಗೆದುಕೊಂಡೆ ಎಂದು ಮನೆಗೆ ಬಂದು ಹೇಳಿದಾಗ ತಾತ ನಕ್ಕಿದ್ದರಂತೆ.

“ಜನ ಹೇಗಿರ್ತಾರೆ ಅಂತ ತಿಳ್ಕೊಳ್ಳೋಕೆ ಕಾಲೇಜು ಯಾಕಮ್ಮ? ಕಿಟಕಿ ಹತ್ರ ಕೂತ್ರೆ ಸಾಕಲ್ಲ.”

“ಕಿಟಕೀಲಿ ಬೀದಿ ಕಾಣತ್ತೆ ಅಪ್ಪ, ನಮ್ಮನೆ ಕಾಣಲ್ಲ,” ಅಂದಳಂತೆ ಚಿಕ್ಕಮ್ಮ.

ಹಾಗೆ ಹೇಳಲು ಕಾರಣವಿತ್ತು. ಆ ಪಾಠಕ್ಕೆ ಅವಳು ಆಗಲೇ ಕೆಲವು ದಿನ ಹೋಗಿ ಕೂತಿದ್ದಳು. ಊಟದ ಹೊತ್ತಿನಲ್ಲಿ ನಿಮ್ಮ ಮನೆಯ ನಕ್ಷೆ ಬರೆದು ತನ್ನಿ ಎಂದು ಅವರ ಮೇಷ್ಟ್ರು ಹೇಳಿದ್ದರು. ಕೂತವರಿಗೆ ಸೊನ್ನೆ, ನಿಂತವರಿಗೆ ಇಂಟು ಗುರುತು. ಚಿಕ್ಕಮ್ಮ ತಾತನಿಗೊಂದು, ನನ್ನ ಅಮ್ಮನಿಗೊಂದು, ತನಗೊಂದು ಸೊನ್ನೆ ಹಾಕಿ ಕೊಟ್ಟಳು. ಮೇಷ್ಟ್ರು ನೋಡಿ, “ಅಡುಗೆ ಯಾರಮ್ಮ ಮಾಡಿದ್ದು?” ಎಂದರು. ಅಜ್ಜಿ ನಕ್ಷೆಯಲ್ಲೇ ಇರಲಿಲ್ಲ. ಒಲೆಯ ಪಕ್ಕ ನಿಂತೇ ಉಣ್ಣುವ ಅಜ್ಜಿಯನ್ನು ಹುಟ್ಟಿದಾಗಿನಿಂದ ನೋಡುತ್ತಿದ್ದರೂ ಚಿಕ್ಕಮ್ಮನಿಗೆ ಕಂಡಿರಲಿಲ್ಲ. ಅವತ್ತು ಸಂಜೆ ಅವಳು ಅಡುಗೆಮನೆಯಲ್ಲಿ ಒಂದು ಸ್ಟೂಲು ಇಟ್ಟಳು. “ಇದನ್ಯಾಕೆ ಅಡ್ಡ ಇಟ್ಟೆ, ನಾನು ಎಡವಿ ಬಿದ್ರೆ ನಿಂಗೆ ಸಮಾಧಾನವಾ?” ಎಂದು ಅಜ್ಜಿ ಗೊಣಗಿದರಂತೆ. ಆಮೇಲೆ ಆ ಸ್ಟೂಲಿನ ಮೇಲೆ ಬೇರೆ ಯಾರನ್ನೂ ಕೂರಲು ಬಿಡುತ್ತಿರಲಿಲ್ಲವಂತೆ.

ತಾನೇ ಕಲಿಸಲು ಶುರುಮಾಡಿದ ಮೇಲೆ ಚಿಕ್ಕಮ್ಮ ಪ್ರತಿ ವರ್ಷ ಮೊದಲ ಪಾಠವಾಗಿ ಇದನ್ನೇ ಕಲಿಸುತ್ತಾಳೆ. ಅಭಿಪ್ರಾಯ ಆಮೇಲೆ ಹೇಳಿ, ಮೊದಲು ಯಾರು ಕೂತಿದ್ದಾರೆ ಯಾರು ನಿಂತಿದ್ದಾರೆ ನೋಡಿ ಎನ್ನುತ್ತಾಳೆ.

ನಾನು ಶಾಲೆ ಬಿಟ್ಟದ್ದು ಮಾತಿನ ಹೆದರಿಕೆಯಿಂದ. ಎದ್ದು ನಿಂತು ಓದು ಎಂದರೆ ಮೊದಲ ಪದವೇ ನನ್ನ ಬಾಯಿಂದ ಬರುತ್ತಿರಲಿಲ್ಲ. ಓದುವವರೆಗೆ ನಿಂತೇ ಇರು ಎನ್ನುತ್ತಿದ್ದರು. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ. ಮನೆಯಲ್ಲಿ ಮಂಕಾಗಿ ಕೂತಿದ್ದ ನನ್ನನ್ನು ಚಿಕ್ಕಮ್ಮ ತನ್ನ ತರಗತಿಯ ಹಿಂದಿನ ಬೆಂಚಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ನನ್ನನ್ನು ಏಳು ಎನ್ನಲಿಲ್ಲ.

ಈ ವರ್ಷ ವಿದ್ಯಾರ್ಥಿಗಳು ಊಟದ ಬಿಡುವಿನಲ್ಲಿ ಕಾಲೇಜನ್ನೇ ನೋಡಿ ಗುರುತು ಮಾಡಿಕೊಂಡು ಬಂದರು. ನಾನೂ ಅವರ ಜೊತೆ ಹೋಗಿ ನೋಡಿದೆ. ದೊಡ್ಡ ಹಾಳೆಯ ಮೇಲೆ ಸ್ಕೇಲು ಇಟ್ಟು ನಕ್ಷೆಯನ್ನು ಅಚ್ಚುಕಟ್ಟಾಗಿ ಬರೆದದ್ದು ನಾನು. ಮೇಷ್ಟ್ರುಗಳ ಕೋಣೆಯ ತುಂಬ ಸೊನ್ನೆಗಳು. ಮೆಟ್ಟಿಲ ಬುಡದಲ್ಲಿ ಇಂಟು ಗುರುತುಗಳು. ಅವರು ಕಾಲೇಜು ಗುಡಿಸುವ ಅಕ್ಕಂದಿರು. ಮೆಟ್ಟಿಲ ಮೇಲೆ ಕೂತರೆ ದಾರಿಗೆ ಅಡ್ಡ ಎಂದು ಬೈಸಿಕೊಳ್ಳಬೇಕು. ಅದಕ್ಕೇ ಡಬ್ಬಿ ಕೈಯಲ್ಲಿ ಹಿಡಿದು ನಿಂತೇ ಉಣ್ಣುತ್ತಾರೆ. ಅವರೇ ಬೆಳಿಗ್ಗೆ ಒರೆಸಿಟ್ಟ ಕುರ್ಚಿಗಳು ಪಕ್ಕದ ಕೋಣೆಯಲ್ಲಿ ಖಾಲಿ ಬಿದ್ದಿರುತ್ತವೆ.

ಕಾಲೇಜಿನ ಕಾರ್ಯದರ್ಶಿಗಳನ್ನು ವಿದ್ಯಾರ್ಥಿಗಳು ‘ಸ್ವಲ್ಪ ಸಾರ್’ ಎಂದು ಕರೆಯುತ್ತಾರೆ. ಸ್ವಲ್ಪ ಅನ್ನದೆ ಅವರಿಗೆ ಮಾತು ಹೊರಡುವುದಿಲ್ಲ. ಅವರು ಒಂದು ದಿನ ಚಿಕ್ಕಮ್ಮನ ಕೋಣೆಗೆ ಬಂದವರು ಈ ನಕ್ಷೆ ನೋಡಿ ಖುಷಿಪಟ್ಟರು.

“ಸ್ವಲ್ಪ ಚೆನ್ನಾಗಿದೆಯಲ್ಲ ಇದು. ಅತಿಥಿಗಳು ಬರೋ ದಿನ ಮುಂಬಾಗಿಲಲ್ಲಿ ಹಾಕೋಣ.”

“ಒಂದ್ಸಲ ಓದಿ ನೋಡಿ ಸಾರ್,” ಎಂದಳು ಚಿಕ್ಕಮ್ಮ.

“ಓದೋದೇನಿದೆ? ನಮ್ಮ ಕಟ್ಟಡ ನಂಗೊತ್ತಿಲ್ವಾ?”

ಅವರೇ ಗಾಜು ಹಾಕಿಸಿದರು, ಅವರೇ ನಿಂತು ಮೊಳೆ ಹೊಡೆಸಿದರು. ಅತಿಥಿಯಾಗಿ ಬಂದ ವಯಸ್ಸಾದ ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಈ ಇಂಟು ಗುರುತುಗಳೇನು? ಕಂಬಗಳಾ?”

“ಹೌದು ಮೇಡಂ, ಸ್ವಲ್ಪ ಕಂಬಗಳು,” ಎಂದರು ಸ್ವಲ್ಪ ಸಾರ್.

“ಅಲ್ಲ ಸಾರ್,” ಎಂದಳು ಪಕ್ಕದಲ್ಲಿ ಹೂಗುಚ್ಛ ಹಿಡಿದಿದ್ದ ವಿದ್ಯಾರ್ಥಿನಿ. “ಅವರು ಗುಡಿಸೋ ಅಕ್ಕಂದಿರು. ಕೂರೋಕೆ ಜಾಗ ಇಲ್ದೆ ನಿಂತು ಊಟ ಮಾಡ್ತಾರೆ.”

ಮೇಡಂ ಮೆಟ್ಟಿಲ ಕಡೆ ನೋಡಿದರು, ಸ್ವಲ್ಪ ಸಾರ್ ಮುಖ ನೋಡಿದರು, ಒಳಗೆ ನಡೆದರು.

ಮರುದಿನ ಚಿಕ್ಕಮ್ಮನಿಗೆ ಸ್ವಲ್ಪ ಸಾರ್ ಕೋಣೆಯಿಂದ ಕರೆ ಬಂತು. ನಾನು ಬಾಗಿಲ ಹೊರಗೇ ಇದ್ದೆ, ಎಲ್ಲ ಕೇಳಿಸುತ್ತಿತ್ತು.

“ಬೀದಿ ಇದೆ, ಮಾರ್ಕೆಟ್ ಇದೆ, ಬಸ್ ಸ್ಟ್ಯಾಂಡ್ ಇದೆ. ಹೋಗಿ ನೋಡ್ಕೊಂಡು ಬನ್ನಿ ಅಂತ ನಾನೇ ಹೇಳಲ್ವಾ? ನಮ್ಮ ಮನೆ ಮರ್ಯಾದೇನೇ ತೆಗೆಯೋದಾ? ಬರೆದೋಳು ಯಾವಳೋ ಓದು ಬಿಟ್ಟ ಹುಡುಗಿಯಂತೆ. ತಿಳೀದೆ ತಪ್ಪು ಗುರುತು ಹಾಕಿದ್ಲು ಅಂತ ಸೋಮವಾರದ ಸಭೇಲಿ ಸ್ವಲ್ಪ ಹೇಳಿಬಿಡಿ. ಇಲ್ದಿದ್ರೆ ಮುಂದಿನ ವರ್ಷದಿಂದ ಸಮಾಜಶಾಸ್ತ್ರ ಇರಲ್ಲ, ನೀವೂ ಇರಲ್ಲ.”

“ಗುರುತು ತಪ್ಪಾಗಿದ್ರೆ ಊಟದ ಹೊತ್ತಿಗೆ ಬನ್ನಿ ಸಾರ್. ಒಟ್ಟಿಗೇ ನೋಡಿ ತಿದ್ದೋಣ,” ಎಂದಳು ಚಿಕ್ಕಮ್ಮ.

ಅವರು ಬರಲಿಲ್ಲ. ನಕ್ಷೆಯನ್ನು ಇಳಿಸಿ ಚಿಕ್ಕಮ್ಮನ ಕೋಣೆಗೆ ಕಳಿಸಿದರು. ಅಕ್ಕಂದಿರಿಗೆ ಇನ್ನು ಮೇಲೆ ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ಹತ್ತಿರ ಉಣ್ಣಿ ಎಂದು ಹೇಳಿದರು. ನನ್ನ ಹೊಟ್ಟೆ ಉರಿಯುವುದು ಇದಕ್ಕೆ. ಒಂದು ಬೆಂಚು ಹಾಕಿಸಿದ್ದರೆ ಮುಗಿಯುತ್ತಿತ್ತು. ಬೆಂಚು ಹಾಕಿಸುವ ಬದಲು ಮನುಷ್ಯರನ್ನೇ ಕಣ್ಣಿಗೆ ಬೀಳದ ಕಡೆ ಸರಿಸಿದರು. ಈಗ ಮೆಟ್ಟಿಲ ಬುಡದಲ್ಲಿ ಯಾರೂ ಇಲ್ಲ. ನನ್ನ ನಕ್ಷೆಯನ್ನು ಸುಳ್ಳು ಮಾಡಿದ್ದು ಹೀಗೆ. ಬೇರೆಯವರ ಬೀದಿ ನೋಡಿದರೆ ಅದು ಪಾಠ, ತಮ್ಮ ಮೆಟ್ಟಿಲು ನೋಡಿದರೆ ತಪ್ಪು. ಇಂಥವರು ಕಾಲೇಜು ನಡೆಸುತ್ತಾರೆ.

ಕರೆ ಬಂದ ದಿನ ಸಂಜೆ ಚಿಕ್ಕಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. “ನಾನೇ ತಪ್ಪು ಮಾಡಿದೆ ಅಂತ ಹೇಳಿಬಿಡು ಚಿಕ್ಕಮ್ಮ,” ಎಂದೆ. “ಶಾಲೆ ಬಿಟ್ಟೋಳು ಅಂತ ಹೇಗೂ ಎಲ್ರೂ ಅಂತಾರೆ. ಇನ್ನೊಂದು ಮಾತು ಸೇರಿದ್ರೆ ನಂಗೇನಾಗತ್ತೆ?”

ಅವಳ ಕೈ ನಿಂತಿತು. “ನೀನು ಹಾಕಿದ ಗುರುತು ತಪ್ಪಾ?”

“ಇಲ್ಲ.”

“ಮತ್ತೆ?”

ಅಮ್ಮ ಒಳಗಿನಿಂದಲೇ ಕೇಳಿದಳು. “ಕೆಲಸ ಹೋದ್ರೆ ಏನೇ ಮಾಡ್ತೀಯ?”

“ಕಿಟಕಿ ಹತ್ರ ಕೂರ್ತೀನಿ ಅಕ್ಕ. ಅಪ್ಪ ಆಗಲೇ ಹೇಳಿದ್ರಲ್ಲ.”

ಅಮ್ಮ ನಗಲಿಲ್ಲ. ನಾನೂ ನಗಲಿಲ್ಲ. ಚಿಕ್ಕಮ್ಮ ನನ್ನ ಲಂಗವನ್ನು ಮಡಚಿ, ಅಂಚು ಸರಿಮಾಡಿ, ನನ್ನ ಕೈಗೆ ಕೊಟ್ಟಳು.

ನಕ್ಷೆ ಸರಿಯಾಗಿದೆ ಎಂದು ಅವಳು ಸೋಮವಾರದ ಸಭೆಯಲ್ಲಿ ಹೇಳುತ್ತಾಳೆ. ಬರೆದವಳು ಅಕ್ಕನ ಮಗಳಲ್ಲವೇ, ಅದಕ್ಕೇ ಬಿಟ್ಟುಕೊಡುತ್ತಿಲ್ಲ ಎಂದು ಕಾಲೇಜಿನವರು ಹೇಳುತ್ತಾರೆ. ಆದ್ದರಿಂದ ನಾನು ಹೀಗೆ ಮಾಡುತ್ತೇನೆ. ಶನಿವಾರ ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಹತ್ತಿರ ಹೋಗಿ, ಅಕ್ಕಂದಿರನ್ನು ಕೇಳಿ, ಅವರು ನಿಂತ ಜಾಗವನ್ನು ಹೊಸದಾಗಿ ಗುರುತು ಮಾಡಿಕೊಳ್ಳುತ್ತೇನೆ. ಸೋಮವಾರ ಎರಡೂ ನಕ್ಷೆಗಳನ್ನು ಹಿಡಿದು ಸಭೆಗೆ ಹೋಗುತ್ತೇನೆ. ಎದ್ದು ನಿಂತು, ಬರೆದವಳು ನಾನು ಎಂದು ಹೇಳುತ್ತೇನೆ.